ಹರಳೆಣ್ಣೆ ವಾಸನೆಯ ಹಿಂದೆ ಮೂರು ದಿನ

ಈ ಪ್ರವಾಸ ಶುರುವಾಗಿದ್ದು ಒಂದು ಫೋಟೋದಿಂದ.

ಹೋದ ವರ್ಷ ಆಫೀಸಿನ ಕೆಲಸಕ್ಕೆ ಇಟಲಿಯ ಮಿಲಾನಿಗೆ ಹೋಗಿದ್ದೆ. ಒಂದು ಭಾನುವಾರ ಬಿಡುವು ಸಿಕ್ಕಿತು. ಪಕ್ಕದ ಮೊಂಜಾ ಊರಿಗೆ ರೈಲು ಹತ್ತಿದೆ. ಅಲ್ಲಿನ ರೇಸ್ ಟ್ರ್ಯಾಕ್ ಇರುವುದು ರಾಜರ ಕಾಲದ ದೊಡ್ಡ ಪಾರ್ಕಿನೊಳಗೆ. ಮರಗಳ ನಡುವೆ ನಡೆಯುತ್ತಿದ್ದೆ. ಎದುರಿಗೆ ಒಂದು ಕಾಂಕ್ರೀಟ್ ಗೋಡೆ ಓರೆಯಾಗಿ ನಿಂತಿತ್ತು. ಹತ್ತಿರ ಹೋದ ಮೇಲೆ ಗೊತ್ತಾಯಿತು, ಅದು ಗೋಡೆ ಅಲ್ಲ, ರಸ್ತೆ. ಜೋರಾಗಿ ಬರುವ ಕಾರು ತಿರುವಿನಲ್ಲಿ ಆಚೆ ಹಾರದಿರಲಿ ಅಂತ ರಸ್ತೆಯನ್ನೇ ಎತ್ತಿ ಕಟ್ಟಿದ್ದಾರೆ. ಕಟ್ಟಿದ್ದು 1955ರಲ್ಲಿ. 1961ರ ನಂತರ ಫಾರ್ಮುಲಾ ಒನ್ ಕಾರುಗಳು ಅದರ ಮೇಲೆ ಓಡಲೇ ಇಲ್ಲ. 1969ಕ್ಕೆ ಉಳಿದ ರೇಸುಗಳೂ ನಿಂತವು. ಹತ್ತೋಣ ಅಂತ ಹೋದೆ. ಅರ್ಧಕ್ಕೇ ಕೈ ಊರಬೇಕಾಯಿತು. ಬಿರುಕುಗಳಲ್ಲಿ ಹುಲ್ಲು. ಮೇಲೆ ತುಕ್ಕು ಹಿಡಿದ ಕಂಬಿ.

ಒಂದು ಫೋಟೋ ತೆಗೆದು ಮಂಡ್ಯದ ಸೋದರಮಾವನಿಗೆ ವಾಟ್ಸಾಪ್ ಮಾಡಿದೆ. ಎರಡೇ ನಿಮಿಷಕ್ಕೆ ಫೋನು.

"ಏನವ್ವ ಇದು, ಇಷ್ಟೆತ್ತರ ಬದು ಹಾಕವ್ರೆ?"

ಬದು! ನಾನು ಅದನ್ನು ಬ್ಯಾಂಕಿಂಗ್ ಅನ್ನುತ್ತಿದ್ದೆ. ಅವತ್ತಿನಿಂದ ನನಗೂ ಅದು ಬದುವೇ.

ಮಾವನಿಗೆ 74. ಮೈಸೂರಿನ ಜಾವಾ ಬೈಕಿನ ಫ್ಯಾಕ್ಟರಿಯಲ್ಲಿ ಎಂಜಿನ್ ವಿಭಾಗದಲ್ಲಿದ್ದವರು. ಏಳೆಂಟು ಸಲ ಬೈಕುಗಳ ಜೊತೆ ಲಾರಿಯಲ್ಲಿ ಮದ್ರಾಸಿನ ಹತ್ತಿರದ ಶೋಲಾವರಂಗೆ ಹೋಗಿದ್ದರು. ರೇಸ್ ಓಡಿಸಲು ಅಲ್ಲ, ಮೆಕ್ಯಾನಿಕ್ ಆಗಿ. ಆ ಟ್ರ್ಯಾಕ್ ಬಿಟ್ಟುಹೋಗಿ ಮೂವತ್ತು ವರ್ಷದ ಮೇಲಾಯಿತು. "ಶೋಲಾವರಂಗೆ ಹೋಗೋಣವಾ ಮಾವ?" ಅಂತ ಕೇಳಿದೆ. "ಅಲ್ಲೇನೈತೆ ನೋಡಕ್ಕೆ? ಮೈಸೂರಿಗೇ ಹೋಗನ ನಡಿ. ಎಲ್ಡು ದಿನ ಸಾಕು" ಅಂದರು. ಕೊನೆಗೆ ಮೂರು ದಿನ ಆಯಿತು. ತಪ್ಪು ಬೈಕಿನದು.

ಶನಿವಾರ: ಮಂಡ್ಯದಿಂದ ಮೈಸೂರು, 45 ಕಿಲೋಮೀಟರ್, ನಾಲ್ಕು ಗಂಟೆ

ಹೊರಟಿದ್ದು ಫೆಬ್ರುವರಿಯಲ್ಲಿ. ತಿಂಗಳು ಆರಿಸಿದ್ದು ಮಾವನೇ. ಶೋಲಾವರಂ ರೇಸು ನಡೆಯುತ್ತಿದ್ದದ್ದು ಅದೇ ತಿಂಗಳಲ್ಲಿ. ಗಾಡಿ ಅವರ ಯೆಜ್ಡಿ ರೋಡ್‌ಕಿಂಗ್, ಅದೇ ಫ್ಯಾಕ್ಟರಿಯ ಬೈಕು. ಓಡಿಸುವುದು ನಾನು, ಹಿಂದೆ ಅವರು. ಅತ್ತೆ ಬಾಗಿಲಲ್ಲಿ ನಿಂತು ಇಬ್ಬರಿಗೂ ಬೈದರು.

ರೋಡ್‌ಕಿಂಗ್ ಓಡಿಸದವರಿಗೆ ಒಂದು ಮಾತು ಹೇಳಬೇಕು. ಇದರಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಅಂತ ಇಲ್ಲ. ಎಡಗಡೆ ಇರುವುದು ಒಂದೇ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಗೇರ್. ಮೊದಲ ಸಲ ನೋಡಿದವರು ಕಿಕ್ಕರ್ ಎಲ್ಲಿ ಅಂತ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ. ನಾನೂ ಹಾಕಿದ್ದೆ.

ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದಾಯಿತು. ಟು ಸ್ಟ್ರೋಕ್ ಎಂಜಿನ್ ಅಲ್ವಾ, ಪೆಟ್ರೋಲಿನಲ್ಲೇ ಆಯಿಲ್ ಕಲಸಬೇಕು. ಮಾವ ಲೀಟರಿಗೆ 40 ಮಿಲಿ ಲೆಕ್ಕ ಹಾಕಿ, ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು ಹಾಕಿದರು. ಈಗಿನ ಪೆಟ್ರೋಲಿನ ಮೇಲೆ ಅವರಿಗೆ ಬಲು ಕೋಪ. ನೂರಕ್ಕೆ 20 ಪಾಲು ಎಥೆನಾಲ್, ಕಬ್ಬಿನಿಂದಲೂ ತೆಗೆಯುವ ಸ್ಪಿರಿಟ್ಟು. ಅದು ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಹಳೇ ಕಾರ್ಬುರೇಟರಿನ ರಬ್ಬರ್ ತಿನ್ನುತ್ತದೆ. "ನಮ್ ಕಬ್ಬೇ ನಮ್ ಬೈಕಿಗೆ ವಿಷ ಆಗೋಯ್ತು ಕಣವ್ವ" ಅಂದರು. ಸುತ್ತ ಎತ್ತ ನೋಡಿದರೂ ಕಬ್ಬು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಪಕ್ಕದಲ್ಲೇ ಹೊಸ ಎಕ್ಸ್‌ಪ್ರೆಸ್‌ವೇ. ನೋಡಿದರೆ ರೇಸ್ ಟ್ರ್ಯಾಕಿನ ಹಾಗೇ ಇದೆ. ಆದರೆ 2023ರ ಆಗಸ್ಟ್‌ನಿಂದ ಅದರ ಮೇಲೆ ಬೈಕ್ ಬಿಡುವುದಿಲ್ಲ. ನಾವು ಸರ್ವಿಸ್ ರಸ್ತೆಯಲ್ಲಿ ಟ್ರ್ಯಾಕ್ಟರ್, ಆಟೋ, ಕುರಿಗಳ ಜೊತೆ. ಬೇಲಿಯ ಆಚೆ ಕಾರುಗಳು ಸುಂಯ್ ಅಂತ ಹೋಗುತ್ತಿದ್ದವು. ನಿಜ ಹೇಳಬೇಕಂದ್ರೆ ಆ ನಿಯಮ ಸರಿ ಅಂತಲೇ ನನಗೆ ಅನಿಸುತ್ತದೆ. ಶುರುವಿನಲ್ಲಿ ಅಲ್ಲಿ ಸತ್ತವರು ಕಮ್ಮಿ ಇರಲಿಲ್ಲ. ಮಾವ ಒಪ್ಪಲಿಲ್ಲ.

ಗಣಂಗೂರು ಹತ್ತಿರ ಬೈಕ್ ಎರಡು ಸಲ ಕೆಮ್ಮಿ ನಿಂತಿತು. ಮಾವ ಇಳಿದು ಪ್ಲಗ್ ಬಿಚ್ಚಿದರು. ಕರಿ ಹಿಡಿದಿತ್ತು. ಬೆಂಕಿಪೊಟ್ಟಣದ ಪಕ್ಕದ ಪಟ್ಟಿ ಹರಿದು ಅದರಲ್ಲೇ ಉಜ್ಜಿದರು. ಕೈ ನಡುಗುತ್ತದೆ ಅವರಿಗೆ, ಕಾಫಿ ಲೋಟ ಹಿಡಿದರೂ ಚೆಲ್ಲುತ್ತದೆ. ಪ್ಲಗ್ ಹಿಡಿದಾಗ ಮಾತ್ರ ನಡುಗಲಿಲ್ಲ. ಹತ್ತು ನಿಮಿಷದಲ್ಲಿ ಹೊರಟೆವು. ಅರ್ಧ ಗಂಟೆಗೆ ಮತ್ತೆ ನಿಂತಿತು. ಹೀಗೇ ಮೂರು ಸಲ.

ಮೂರನೇ ಸಲ ಹುಣಸೆ ಮರದ ನೆರಳಲ್ಲಿ ಕೂತಾಗ ಶೋಲಾವರಂ ಮಾತು ಬಂತು. ಅದು ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್. ಯುದ್ಧ ಮುಗಿದ ಮೇಲೆ ವಿಮಾನ ಇಳಿಯುವುದು ನಿಂತಿತು, ಮದ್ರಾಸಿನ ಮೋಟಾರು ಹುಚ್ಚಿನವರು ಅಲ್ಲಿ ರೇಸು ಶುರು ಮಾಡಿದರು. ಇಂಗ್ಲಿಷಿನ ಟಿ ಅಕ್ಷರದ ಆಕಾರ. ಬೆಟ್ಟ ಇಲ್ಲ, ಮರ ಇಲ್ಲ, ತಿರುವು ಗುರುತಿಸಲು ಡ್ರಮ್ಮು, ಹುಲ್ಲಿನ ಪೆಂಡಿ. ಸುಡು ಬಿಸಿಲು. ದೇಶದ ಎಲ್ಲ ಕಡೆಯಿಂದ ಜನ. ರಾಜಮನೆತನದವರು ವಿದೇಶದ ರೇಸ್ ಕಾರು ತರಿಸಿ ಓಡಿಸುತ್ತಿದ್ದರು. ವಿಜಯ್ ಮಲ್ಯ ಕೂಡ ಅಲ್ಲಿ ಓಡಿಸಿದವರೇ. ಅದೇ ದಿನ ಅದೇ ಟ್ರ್ಯಾಕಿನಲ್ಲಿ ಮೈಸೂರಿನ ಜಾವಾ, ಯೆಜ್ಡಿಗಳೂ ಓಡುತ್ತಿದ್ದವು.

"ಶೋಲಾವರಂ ಅಂದ್ರೆ ನಂಗೆ ನೆಪ್ಪಿಗ್ ಬರೋದು ಸದ್ದಲ್ಲ ಕಣವ್ವ, ಹಳ್ಳೆಣ್ಣೆ ವಾಸನೆ."

ರೇಸಿಗೆ ಹಾಕುತ್ತಿದ್ದ ಆಯಿಲ್ ಹರಳೆಣ್ಣೆಯಿಂದ ಮಾಡಿದ್ದು. ಎಷ್ಟು ಬಿಸಿಯಾದರೂ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಆದರೆ ಪೆಟ್ರೋಲಿನಲ್ಲಿ ಸುಲಭವಾಗಿ ಬೆರೆಯುವುದಿಲ್ಲ. ಮೊದಲೇ ಕಲಸಿಟ್ಟರೆ ತಳಕ್ಕೆ ಇಳಿಯುತ್ತದೆ. ಅದಕ್ಕೇ ರೇಸಿಗೆ ಹತ್ತು ನಿಮಿಷ ಇದೆ ಅನ್ನುವಾಗ ಕ್ಯಾನಿನಲ್ಲಿ ಕುಲುಕಬೇಕು. ಕುಲುಕುವ ಕೆಲಸ ಮಾವನದು. ಮೂವತ್ತು ಬೈಕುಗಳು ಒಟ್ಟಿಗೆ ಹರಳೆಣ್ಣೆ ಸುಟ್ಟರೆ ಆ ಮೈದಾನದ ತುಂಬ ಎಂಥ ವಾಸನೆ ಇದ್ದಿರಬೇಕು! ಅದಕ್ಕೇ ದೀಪಾವಳಿಗೆ ಅತ್ತೆ ತಲೆಗೆ ಹರಳೆಣ್ಣೆ ಹಚ್ಚಲು ಬಂದರೆ ಮಾವ ಕಣ್ಣು ಮುಚ್ಚಿ ಸುಮ್ನೆ ಕೂತುಬಿಡುತ್ತಾರೆ. ಭಕ್ತಿ ಅಂತ ಅತ್ತೆ ಇಷ್ಟು ವರ್ಷ ನಂಬಿದ್ದರು.

ಶ್ರೀರಂಗಪಟ್ಟಣ ದಾಟಿ ಮೈಸೂರು ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಒಂಟಿಕೊಪ್ಪಲಿನಲ್ಲಿ ಮಾವನ ಹಳೇ ಸಹೋದ್ಯೋಗಿಯ ಮನೆಯಲ್ಲಿ ಉಳಿದೆವು. ಬಸ್ಸಾರು, ಮುದ್ದೆ ತಿಂದು ಮಲಗಿದೆ. ಎದ್ದಾಗ ಕತ್ತಲಾಗಿತ್ತು.

ಭಾನುವಾರ: ಯಾದವಗಿರಿ, ಲಲಿತಮಹಲ್, ಬೆಟ್ಟ

ಬೆಳಿಗ್ಗೆ ಆರಕ್ಕೇ ಇಬ್ಬರೂ ಮುದುಕರು ಸ್ವೆಟರ್ ಹಾಕಿ ರೆಡಿ. ನಡೆದೇ ಯಾದವಗಿರಿಗೆ ಹೋದೆವು.

1960ರ ದಶಕದ ಶುರುವಿನಲ್ಲಿ ಇಲ್ಲಿ ಐಡಿಯಲ್ ಜಾವಾ ಶುರುವಾಯಿತು. ಶುರು ಮಾಡಿದವರು ಇರಾನಿ ಕುಟುಂಬದವರು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸು, ಮೈಸೂರಿನ ಕೈಕೆಲಸ. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್. 1996ಕ್ಕೆ ಬಾಗಿಲು ಮುಚ್ಚಿತು.

ಈಗ ಅಲ್ಲಿ ನಿಂತರೆ ಫ್ಯಾಕ್ಟರಿ ಅಂತ ಹೇಳುವಂಥದ್ದು ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಕಾಂಪೌಂಡು, ಮನೆಗಳು, ವಾಕಿಂಗ್ ಹೊರಟವರು. ಆದರೆ ಇಬ್ಬರೂ ಮುದುಕರು ಆ ಗೋಡೆಗಳೇ ಇಲ್ಲವೇನೋ ಅನ್ನುವ ಹಾಗೆ ಮಾತಾಡುತ್ತಿದ್ದರು. "ಇದು ಗೇಟು." "ಅಲ್ಲ ಮಾರಾಯ, ಗೇಟು ಇನ್ನೂ ಆಚೆ. ಇದು ಸೈಕಲ್ ಸ್ಟ್ಯಾಂಡು." "ಸೈಕಲ್ ಸ್ಟ್ಯಾಂಡಿಂದ ಕ್ಯಾಂಟೀನಿಗೆ ಎಷ್ಟು ಹೆಜ್ಜೆ?" ಅಂತ ಶುರುವಾಯಿತು. ಇಬ್ಬರೂ ಎಣಿಸುತ್ತಾ ನಡೆದರು. ಯಾರದೋ ಮನೆಯ ಗೇಟಿನ ಮುಂದೆ ನಿಂತರು. ಒಳಗಿನಿಂದ ನಾಯಿ ಬೊಗಳಿತು. ಕ್ಯಾಂಟೀನು ಅಲ್ಲೇ ಅಂತ ತೀರ್ಮಾನ ಆಯಿತು.

ಫ್ಯಾಕ್ಟರಿ ಯಾಕೆ ಹೋಯಿತು ಅಂತ ಕೇಳಿದೆ. ಸೊಂಟದ ಎತ್ತರಕ್ಕೆ ಕೈ ಹಿಡಿದು ಮಾವ ಹೇಳಿದರು: "ಇಷ್ಟುದ್ದದ ಹುಡ್ಗ ಬಂದು ಹೊಡ್ದೋದ." 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. 98 ಸಿಸಿ, 11 ಎಚ್‌ಪಿ, ತೂಕ ಹೆಚ್ಚೂಕಡಿಮೆ 100 ಕೆಜಿ. ಇವರದು 250 ಸಿಸಿ, 16 ಎಚ್‌ಪಿ, ತೂಕ 140ರ ಹತ್ತಿರ. ಜಗಳ ಸಮಬಲದ್ದೇ. ಆದರೆ ಆ ಹುಡುಗ ಅರ್ಧ ಪೆಟ್ರೋಲ್ ಕುಡಿಯುತ್ತಿದ್ದ. ಅದೇ ವರ್ಷ ಹೀರೋ ಹೋಂಡಾದ ಫೋರ್ ಸ್ಟ್ರೋಕ್ ಬಂತು, ಅವನು ಇನ್ನೂ ಕಮ್ಮಿ ಕುಡಿಯುವವನು. ಆಮೇಲೆ ಹೊಗೆಯ ನಿಯಮಗಳು. ಈಗ ಜಾವಾ, ಯೆಜ್ಡಿ ಎರಡೂ ಹೆಸರು ವಾಪಸ್ ಬಂದಿವೆ. ತಯಾರಾಗುವುದು ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ.

ನಜರ್‌ಬಾದಿನಲ್ಲಿ ಬೆಣ್ಣೆ ದೋಸೆ ತಿಂದು ಲಲಿತಮಹಲ್ ಕಡೆ ಹೋದೆವು. ಅರಮನೆಯ ಎದುರಿನ ಹೆಲಿಪ್ಯಾಡ್ ಮೈದಾನದಲ್ಲಿ ದಸರಾ ಹೊತ್ತಿಗೆ ಮಣ್ಣಿನ ಟ್ರ್ಯಾಕ್ ಮಾಡಿ ಕಾರ್ ರೇಸ್ ನಡೆಸುತ್ತಾರೆ. ನಾನು ಕಾಲೇಜಿನಲ್ಲಿದ್ದಾಗ ಒಂದು ಸಲ ನೋಡಿದ್ದೆ. ನೋಡಿದ್ದೆ ಅನ್ನುವುದಕ್ಕಿಂತ ತಿಂದಿದ್ದೆ ಅನ್ನಬೇಕು, ಅಷ್ಟು ಧೂಳು.

ಫೆಬ್ರುವರಿಯಲ್ಲಿ ಅಲ್ಲಿ ಏನೂ ಇಲ್ಲ. ಒಣ ಹುಲ್ಲು, ಕ್ರಿಕೆಟ್ ಆಡುವ ಹುಡುಗರು. ಒಬ್ಬ ಅಪ್ಪ ಮಗಳಿಗೆ ಸ್ಕೂಟರ್ ಕಲಿಸುತ್ತಿದ್ದ. ನನಗೆ ಸ್ವಲ್ಪ ಬೇಜಾರಾಯಿತು. ಮೊಂಜಾದಲ್ಲಿ ಅರವತ್ತು ವರ್ಷದ ಹಿಂದೆ ಬಿಟ್ಟ ಟ್ರ್ಯಾಕು ಹಾಗೇ ನಿಂತಿದೆ. ಫ್ರಾನ್ಸಿನ ರಾನ್ಸ್ ಊರ ಹತ್ತಿರ ಹೊಲದ ನಡುವೆ ಸಾಮಾನ್ಯ ರಸ್ತೆ, ಅದರ ಪಕ್ಕದಲ್ಲಿ ಹಳೇ ರೇಸಿನ ಪಿಟ್ ಕಟ್ಟಡ (ರೇಸಿನ ನಡುವೆ ಕಾರು ನಿಲ್ಲಿಸಿ ಸರಿಮಾಡುವ ಜಾಗ), ಜನ ಕೂರುವ ಮೆಟ್ಟಿಲು ಇನ್ನೂ ಇವೆ. ಅಲ್ಲಿನ ಹುಚ್ಚರು ಬಣ್ಣ ಬಳಿದು ಕಾಪಾಡಿಕೊಂಡಿದ್ದಾರೆ. ನಮ್ಮಲ್ಲಿ ಪಾಳು ಬೀಳೋಕೂ ಏನೂ ಉಳಿಯಲ್ಲ ಅಲ್ವಾ ಅಂದೆ.

ಮಾವ ಉತ್ತರ ಕೊಡಲಿಲ್ಲ. ಚಪ್ಪಲಿ ಕೈಗೆ ತೆಗೆದುಕೊಂಡು ಮೈದಾನದಲ್ಲಿ ಬರಿಗಾಲಲ್ಲಿ ಹೊರಟರು. ನೂರು ಹೆಜ್ಜೆ ಹೋಗಿ ನಿಂತು ಕೂಗಿದರು, "ಬಾ ಇಲ್ಲಿ."

ನೋಡಿದರೆ ಏನೂ ಕಾಣಲಿಲ್ಲ. "ಚಪ್ಲಿ ಬುಡು" ಅಂದರು. ಬಿಟ್ಟೆ. ಆಗ ಕಾಲಿಗೆ ಗೊತ್ತಾಯಿತು. ಹುಲ್ಲಿನ ಕೆಳಗೆ ನೆಲ ಒಂದು ಕಡೆಗೆ ಏರಿದೆ. ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಬಿಲ್ಲಿನ ಹಾಗೆ ಬಾಗಿ ಸುಮಾರು ದೂರ ಹೋಗಿದೆ. ಮಣ್ಣಿನ ತಿರುವಿನಲ್ಲಿ ಕಾರು ಹಿಂಭಾಗ ಜಾರಿಸಿಕೊಂಡು ಹೋಗುವಾಗ ಚಕ್ರಗಳು ಮಣ್ಣನ್ನು ಹೊರಗಡೆಗೆ ಎರಚುತ್ತವೆ. ನೂರು ಸಲ ಎರಚಿದರೆ ಒಂದು ಏರಿ ಆಗುತ್ತದೆ. ಅದು ಆಗಿದ್ದು ರೇಸಿನಿಂದಲೋ, ಮಳೆ ನೀರಿನಿಂದಲೋ ಆಣೆ ಮಾಡಿ ಹೇಳಲಾರೆ. ಮಾವ ಹೇಳಬಲ್ಲರು.

"ನೋಡು, ನಿನ್ ಮೊಂಜಾ ಬದು."

ಸ್ಕೂಟರ್ ಕಲಿಯುತ್ತಿದ್ದ ಹುಡುಗಿ ಅದರ ಮೇಲೇ ತಿರುಗಿಸಿಕೊಂಡು ಹೋದಳು.

ಮಂಡಕಳ್ಳಿಗೂ ಹೋಗಿ ಬಂದೆವು. ಮಹಾರಾಜರ ಕಾಲದ ಏರ್‌ಸ್ಟ್ರಿಪ್, 2010ರಲ್ಲಿ ಹೊಸ ಟರ್ಮಿನಲ್ ಬಂತು. ಬೇಲಿಯಾಚೆ ನಿಂತು ಎಷ್ಟು ಹೊತ್ತು ರನ್‌ವೇ ನೋಡುವುದು? ಮಾವ ಮಾತ್ರ "ಒಳ್ಳೇ ಸ್ಟ್ರೈಟು" ಅಂತ ನಿಟ್ಟುಸಿರು ಬಿಟ್ಟರು. ಅವರ ಪ್ರಕಾರ ಏರ್‌ಸ್ಟ್ರಿಪ್ ಅಂದರೆ ಇನ್ನೂ ಹುಟ್ಟದ ರೇಸ್ ಟ್ರ್ಯಾಕ್. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಯುದ್ಧದ ಏರ್‌ಫೀಲ್ಡ್ ಆಗಿತ್ತು, ಗುಡ್‌ವುಡ್ ಕೂಡ. ಎರಡರಲ್ಲೂ ರೇಸು ಶುರುವಾಗಿದ್ದು 1948ರಲ್ಲಿ. ಗುಡ್‌ವುಡ್ 1966ರಲ್ಲಿ ನಿಂತು 1998ರಲ್ಲಿ ಮತ್ತೆ ಶುರುವಾಯಿತು. ತಿರುಗಾಮುರುಗಾ ಆಗಿದ್ದೂ ಉಂಟು. 1907ರಲ್ಲಿ ರೇಸಿಗೆಂದೇ ಕಟ್ಟಿದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ 1939ಕ್ಕೆ ರೇಸು ನಿಂತು, ಯುದ್ಧ ವಿಮಾನ ತಯಾರಿಸುವುದೇ ಮುಖ್ಯವಾಯಿತು. ಅಲ್ಲಿ ಕಾರಿನ ಜಾಗ ವಿಮಾನಕ್ಕೆ ಹೋಯಿತು, ಶೋಲಾವರಂನಲ್ಲಿ ವಿಮಾನದ ಜಾಗ ಬೈಕಿಗೆ ಬಂತು.

ಸಂಜೆ ಚಾಮುಂಡಿ ಬೆಟ್ಟ. ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಮಾವ ಮತ್ತು ಗೆಳೆಯರು ಬೈಕನ್ನು ಈ ಏರಿಗೆ ತರುತ್ತಿದ್ದರಂತೆ. ಏರಿನಲ್ಲಿ ಎಂಜಿನ್ ಸುಳ್ಳು ಹೇಳುವುದಿಲ್ಲವಂತೆ. ಇಬ್ಬರನ್ನು ಹೊತ್ತು ನಮ್ಮ ರೋಡ್‌ಕಿಂಗ್ ಎರಡನೇ ಗೇರಿನಲ್ಲಿ ಹತ್ತಿತು. ಮಾವನ ಎಡಗಾಲು ಹಿಂದಿನ ಫುಟ್‌ರೆಸ್ಟಿನ ಮೇಲೆ ಸುಮ್ಮನಿರಲಿಲ್ಲ. ನಾನು ಗೇರ್ ಬದಲಾಯಿಸುವ ಅರ್ಧ ಸೆಕೆಂಡು ಮುಂಚೆ ಅವರ ಪಾದ ಒತ್ತುತ್ತಿತ್ತು. ಪ್ರತಿ ಸಲವೂ ಅವರದೇ ಸರಿ, ನನ್ನದು ತಡ.

ಮೇಲೆ ನಿಂತು ನೋಡಿದರೆ ಬೆಟ್ಟದ ಬುಡದಲ್ಲಿ ಕುದುರೆ ರೇಸಿನ ಟ್ರ್ಯಾಕು, ಅಂಗೈಯಲ್ಲಿಟ್ಟ ಬಳೆಯ ಹಾಗೆ. ಹಸಿರು, ಅಚ್ಚುಕಟ್ಟು. "ಕುದ್ರೆಗಾದ್ರೂ ಒಂದೈತಲ್ಲ" ಅಂದರು ಮಾವ.

ರಾತ್ರಿ ಊಟದ ಹೊತ್ತಿಗೆ ಮಾವ ಯೂಟ್ಯೂಬಿನಲ್ಲಿ ನೋಡಿದ ಒಂದು ಕಥೆ ಹೇಳಿದರು. ಸ್ಪೇನಿನ ಸಿಟ್ಜಸ್‌ನಲ್ಲಿ 1923ರಲ್ಲಿ 2 ಕಿಲೋಮೀಟರಿನ ಟ್ರ್ಯಾಕ್ ಕಟ್ಟಿದರು. ಬದು ಎಷ್ಟು ಕಡಿದು ಅಂದರೆ ನಿಂತರೆ ಜಾರಬೇಕು. ಕಟ್ಟಿದವರಿಗೆ ದುಡ್ಡು ಸಿಗಲಿಲ್ಲ. ರೇಸಿನ ದಿನ ಟಿಕೆಟಿನ ಹಣ ಅವರೇ ಎತ್ತಿಕೊಂಡರು. ಗೆದ್ದವರಿಗೆ ಬಹುಮಾನ ಕೊಡಲು ಕಾಸಿಲ್ಲ. ಆಮೇಲೆ ಅಂಥ ದೊಡ್ಡ ರೇಸು ಅಲ್ಲಿ ನಡೆಯಲೇ ಇಲ್ಲ. ಟ್ರ್ಯಾಕು ಮಾತ್ರ ನೂರು ವರ್ಷದಿಂದ ನಿಂತಿದೆ. "ಕಂಟ್ರಾಕ್ಟ್ರು ಬಿಲ್ಲು ಪಾಸಾಗ್ಲಿಲ್ಲ, ಅಷ್ಟೇಯ" ಅಂತ ಮಾವ ನಕ್ಕರು. ಮನೆಯವರ ಮಗ ಲೋಕೋಪಯೋಗಿ ಗುತ್ತಿಗೆದಾರ. ಅವನು ನಗಲಿಲ್ಲ.

ನಾನು ಗ್ರೇಟರ್ ನೊಯ್ಡಾದ ರೇಸ್ ಟ್ರ್ಯಾಕ್ ಬುದ್ಧ ಸರ್ಕಿಟ್ ಮಾತು ತೆಗೆದೆ. 2011ರಿಂದ 2013ರವರೆಗೆ ಮೂರೇ ಫಾರ್ಮುಲಾ ಒನ್ ರೇಸು, ಮೂರನ್ನೂ ಗೆದ್ದಿದ್ದು ಜರ್ಮನಿಯ ಸೆಬಾಸ್ಟಿಯನ್ ವೆಟೆಲ್. ಇದು ಕ್ರೀಡೆಯೋ, ಮನರಂಜನೆಯೋ ಅಂತ ತೆರಿಗೆ ಜಗಳ ಆಗಿ ನಿಂತುಹೋಯಿತು. 2023ರಲ್ಲಿ ಬೈಕುಗಳ ವಿಶ್ವ ಮಟ್ಟದ ರೇಸು ಮೋಟೋಜಿಪಿ ಒಂದು ಸಲ ಬಂದು ಹೋಯಿತು. ಅಷ್ಟು ಕಾಂಕ್ರೀಟು ಹಾಕಿದ ಜಾಗ ಪಾಳಾದರೆ ನನಗೆ ಅಳು ಬರುವುದಿಲ್ಲ, ಕೋಪ ಬರುತ್ತದೆ. ಯಾಕೆ ಅಂತ ಆ ರಾತ್ರಿ ಬಿಡಿಸಿ ಹೇಳಲು ಆಗಲಿಲ್ಲ. ಬಹುಶಃ ಅಲ್ಲಿ ಕ್ಯಾನ್ ಕುಲುಕಿದ ಮಾವ ಯಾರೂ ನಮ್ಮ ಮನೆಯಲ್ಲಿಲ್ಲ.

ಸೋಮವಾರ: ವಾಪಸ್ ದಾರಿ

ಬೈಕ್ ಸಿದ್ದಲಿಂಗಪುರದವರೆಗೆ ಚೆನ್ನಾಗಿ ಬಂತು, ಆಮೇಲೆ ಹಳೇ ರಾಗ. ಪ್ಲಗ್ಗು, ಬೆಂಕಿಪೊಟ್ಟಣ.

ಮಂಡ್ಯ ಇನ್ನೇನು ಹತ್ತು ಕಿಲೋಮೀಟರ್ ಇರುವಾಗ ಮಾವ ಬೆನ್ನು ತಟ್ಟಿ ಎಡಕ್ಕೆ ತಿರುಗಿಸಲು ಹೇಳಿದರು. ಒಳಗೊಂದು ಹಳ್ಳಿ. ಅಲ್ಲಿ ಜೋಡೆತ್ತಿನ ಗಾಡಿ ಓಟ ಇದೆ, ನೋಡಿಕೊಂಡು ಹೋಗೋಣ ಅಂದರು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಇದು ಇದ್ದದ್ದೇ. ಕುಯ್ದ ಗದ್ದೆಯಲ್ಲಿ ಎರಡು ಸಾಲು ಹದ ಮಾಡಿ, ಎರಡೆರಡು ಜೋಡಿಯನ್ನು ಒಟ್ಟಿಗೆ ಬಿಡುತ್ತಾರೆ. ಸೋತವರು ಆಚೆ, ಗೆದ್ದವರು ಮುಂದಿನ ಸುತ್ತಿಗೆ. ಕೆಲವು ವರ್ಷ ಕೋರ್ಟಿನ ತಡೆ ಇತ್ತು. 2023ರ ಮೇನಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಕಾಯ್ದೆಯನ್ನು ಎತ್ತಿಹಿಡಿದ ಮೇಲೆ ನಿರಾಳ. ಎತ್ತುಗಳ ಬಾಲ ತಿರುಚುವುದು ಕಂಡರೆ ನನಗಂತೂ ಆಗುವುದಿಲ್ಲ. ಆದರೂ ತಿರುಗಿಸಿದೆ.

ಹೋಗಿ ನೋಡಿದರೆ ಓಟ ನಿನ್ನೆಯೇ ಮುಗಿದಿತ್ತು. ಮಾವ ದಿನ ತಪ್ಪು ತಿಳಿದುಕೊಂಡಿದ್ದರು.

ಶಾಮಿಯಾನ ಬಿಚ್ಚುತ್ತಿದ್ದರು. ಬಾಳೆಕಂದು ಬಾಡಿ ಬಗ್ಗಿತ್ತು. ಕಬ್ಬಿನ ಹಾಲಿನ ಗಾಡಿ ನಿಂತಿದ್ದ ಕಡೆ ಸಿಪ್ಪೆ ಗುಡ್ಡೆ, ಅದರ ಮೇಲೆ ನೊಣ. ಗದ್ದೆಯ ಉದ್ದಕ್ಕೂ ಎರಡು ಜೊತೆ ಚಕ್ರದ ಗುರುತು, ನಡುವೆ ಗೊರಸಿನ ಗುಣಿಗಳು. ಒಂದು ಕಡೆ ಗಾಡಿ ಪಕ್ಕಕ್ಕೆ ಎಳೆದು ಬದುವನ್ನೇ ಒಡೆದು ಹಾಕಿತ್ತು. ಒಂದು ದಿನದ ಹಿಂದೆ ಪಾಳು ಬಿದ್ದ ಟ್ರ್ಯಾಕು.

ಮಾವ ಮುರಿದ ಬದುವಿನ ಹತ್ತಿರ ಕೂತರು. ಗುರುತುಗಳನ್ನು ಓದತೊಡಗಿದರು. ಬಲಗಡೆ ಎತ್ತು ಮುಂದೆ ಎಳೆದಿದೆ, ಎಡಗಡೆಯದು ಹಿಂದೆ ಬಿದ್ದಿದೆ, ಇಲ್ಲಿ ಓಡಿಸುವವನು ಹಗ್ಗ ಜಗ್ಗಿದ್ದಾನೆ, ತಡವಾಗಿ ಜಗ್ಗಿದ್ದಾನೆ. ನನಗೆ ಕಂಡಿದ್ದು ಮಣ್ಣು ಮಾತ್ರ. ಶಾಮಿಯಾನದ ಹುಡುಗ ಬಂದು ಕೇಳಿ ನಿಂತ. "ಹೌದು ಕಣಜ್ಜ, ಹಂಗೇ ಆಗಿದ್ದು. ನೀವು ನಿನ್ನೆ ಬಂದಿದ್ರಾ?"

ಅಷ್ಟರಲ್ಲಿ ಟ್ರ್ಯಾಕ್ಟರ್ ಸದ್ದು. ಗದ್ದೆ ಯಜಮಾನ ನೇಗಿಲು ಕಟ್ಟಿಕೊಂಡು ಬಂದಿದ್ದ. ನಮ್ಮ ಬೈಕ್ ನಿಂತಿದ್ದು ಅವನ ದಾರಿಯಲ್ಲೇ.

"ಅಣ್ಣ, ಗಾಡಿ ಒಸಿ ತೆಗೀರಿ. ಒಂದು ಸಾಲು ಹೊಡ್ದುಬುಡ್ತೀನಿ."

ನಾನು ಲಿವರ್ ಒತ್ತಿ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆದೆ. ಆಗಲಿಲ್ಲ. ಇನ್ನೊಂದು. ವಾಪಸ್ ಒದೆಯಿತು, ಮೀನಖಂಡಕ್ಕೆ. ಟ್ರ್ಯಾಕ್ಟರಿನವನು ಕೈ ಕಟ್ಟಿ ಕಾಯುತ್ತಿದ್ದ. ಮಾವ ಎದ್ದು ಬಂದರು. ಪಂಚೆ ಎತ್ತಿ ಕಟ್ಟಿ, ಜೇಬಿನಿಂದ ಒಂದು ಪುಟ್ಟ ಬಾಟಲಿ ತೆಗೆದು ಟ್ಯಾಂಕಿಗೆ ನಾಲ್ಕು ಹನಿ ಹಾಕಿದರು. ಅತ್ತೆಯ ತಲೆಗೆಣ್ಣೆ ಬಾಟಲಿ ಅದು, ನನಗೆ ಗುರುತು ಸಿಕ್ಕಿತು.

"ಮಾವ, ಇದರಿಂದ ಸ್ಟಾರ್ಟ್ ಆಗುತ್ತಾ?"

"ಸ್ಟಾರ್ಟ್ ಆಗಕ್ಕಲ್ಲ ಕಣವ್ವ ಇದು" ಅಂದರು. ಬೈಕನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಜೋರಾಗಿ ಕುಲುಕಿದರು. "ಈಗ ಹೊಡಿ."

ಹೊಡೆದೆ. ಎದ್ದಿತು. ಹೊಗೆ ಗದ್ದೆಯ ಮೇಲೆ ದಟ್ಟವಾಗಿ ನಿಂತಿತು. ಟ್ರ್ಯಾಕ್ಟರಿನವನು ಮೂಗು ಮುಚ್ಚಿಕೊಂಡು ಏನೋ ಬೈದ. ಮಾವ ಕಣ್ಣು ಮುಚ್ಚಿ ನಿಂತಿದ್ದರು. ನಾನು ಆಕ್ಸಿಲರೇಟರ್ ಬಿಡದೆ ಹಾಗೇ ಹಿಡಿದುಕೊಂಡೆ.